ಮೊಲ ಸಾಕಿರೋರಿಗೆ ಗಾಂಧಿ ಬಜಾರ್ ಸೊಪ್ಪಿನ ಸಾಲು, ಪೆಟ್ ಶಾಪ್ ಟ್ರೀಟ್‌ಗಿಂತ ಎಷ್ಟೋ ಮೇಲು

ಮೊಲಕ್ಕೆ ಏನಾದ್ರೂ ಟ್ರೀಟ್ ಕೊಡ್ಬೇಕು ಅಂತ ಆನ್‌ಲೈನಲ್ಲಿ ಹುಡುಕ್ತಾ ಇರೋರು ಬಸವನಗುಡಿ ಸುತ್ತಮುತ್ತ ಇದ್ರೆ ದಯವಿಟ್ಟು ಮೊದ್ಲು ಬೆಳಗ್ಗೆ ಹೊತ್ತು ಗಾಂಧಿ ಬಜಾರ್‌ಗೆ ಒಂದ್ ರೌಂಡ್ ಹೋಗ್ಬನ್ನಿ. ನಮ್ಮನೆ ಗುಂಡನಿಗೆ ಈಗ ಎಲ್ಲಾ ಅಲ್ಲಿಂದಾನೇ, ಒಣಹುಲ್ಲೊಂದು ಬಿಟ್ಟು.

ಕೊತ್ತಂಬರಿ, ಪುದೀನ, ಸಬ್ಬಸಿಗೆ ಮೂರೂ ಮೊಲಕ್ಕೆ ಸೇಫ್, ದಿನಾ ಬದಲಾಯಿಸಿ ಬದಲಾಯಿಸಿ ಕೊಡಬಹುದು. ಸಬ್ಬಸಿಗೆ ಅಂದ್ರೆ ಗುಂಡನಿಗೆ ಪ್ರಾಣ, ಕಡ್ಡಿಯ ಒಂದು ತುದಿ ಬಾಯಿಗೆ ಹೋದ್ರೆ ಸಾಕು, ಮೂತಿ ಅಲ್ಲಾಡಿಸ್ತಾ ಅಲ್ಲಾಡಿಸ್ತಾ ಇಡೀ ಕಡ್ಡೀನ ದಾರ ಎಳ್ಕೊಂಡ ಹಾಗೆ ಒಳಗೆ ಎಳ್ಕೊಂಡ್ಬಿಡ್ತಾನೆ. ಸೊಪ್ಪು ತಗೊಳ್ಳೋವಾಗ ಕಟ್ಟಿನ ನಡುವೆ ಬೆರಳು ತೂರಿಸಿ ನೋಡಿ, ಒಳಗೆ ಬಿಸಿ ಅನ್ಸಿದ್ರೆ ಅಥವಾ ಎಲೆ ಲೋಳೆ ಆಗಿದ್ರೆ ಬೇಡ, ಮೇಲೆ ಎಷ್ಟೇ ಹಸಿರಾಗಿ ಕಂಡ್ರೂ. ನಾನು ಯಾವಾಗ್ಲೂ ತಗೊಳ್ಳೋ ಅಮ್ಮ ಹಾಗೆ ನೋಡಿದ್ರೆ ಬೇಜಾರ್ ಮಾಡ್ಕೊಳ್ಳಲ್ಲ, ಅವ್ರೇ ಕಟ್ಟು ಬಿಚ್ಚಿ ತೋರಿಸ್ತಾರೆ. ಒಂದಿನ 'ಮೊಲಕ್ಕಾ? ಹಂಗಾದ್ರೆ ಈ ಮೂಲಂಗಿ ಸೊಪ್ಪು ಸುಮ್ನೆ ತಗೊಂಡ್ಹೋಗವ್ವ' ಅಂತ ಬೇರೆ ಗಿರಾಕಿಗಳು ಮುರಿದು ಬಿಟ್ಟುಹೋಗಿದ್ದ ಸೊಪ್ಪನ್ನೆಲ್ಲ ಚೀಲಕ್ಕೆ ತುಂಬಿದ್ರು, ಅದೂ ಸೇಫೇ. ಪಾಲಕ್ ಮಾತ್ರ ಯಾವಾಗಾದ್ರೂ ಒಂದೆರಡು ಎಲೆ ಸಾಕು, ಅದ್ರಲ್ಲಿ ಆಕ್ಸಲೇಟ್ ಅನ್ನೋ, ಮಿತಿ ಮೀರಿದ್ರೆ ಕಿಡ್ನಿಗೆ ಒಳ್ಳೇದಲ್ಲದ ಅಂಶ ಜಾಸ್ತಿ.

ಇನ್ನೊಂದು, ಹೂವಿನ ಅಂಗಡೀಲಿ ಗಣಪತಿಗೆ ಅಂತ ಗರಿಕೆ ಇಟ್ಟಿರ್ತಾರಲ್ಲ, ಅದು ಮೊಲಕ್ಕೆ ಬಹಳ ಒಳ್ಳೇ ಹುಲ್ಲು. ಚೆನ್ನಾಗಿ ನಾಲ್ಕೈದು ನೀರಲ್ಲಿ ತೊಳೆದು ಕೊಡಿ. ಅರಿಶಿನ ಕುಂಕುಮ ಬಿದ್ದಿರೋ ಪೂಜೆ ಗರಿಕೆ ಬೇಡ, ರೋಡ್ ಪಕ್ಕದ್ದು, ಔಷಧಿ ಹೊಡೆಯೋ ಪಾರ್ಕಿಂದು ಕೂಡ ಬೇಡ.

ಈಗ ಪೆಟ್ ಶಾಪ್ ವಿಷಯ. ನಮ್ಮ ಏರಿಯಾದ ಒಂದು ಅಂಗಡೀಲಿ (ಹೆಸರು ಬೇಡ) ಮೊಲದ ಚಿತ್ರ ಹಾಕಿರೋ ಬಣ್ಣಬಣ್ಣದ ಮಿಕ್ಸ್ ಪ್ಯಾಕೆಟ್ ಕೊಟ್ರು, 'ಎಲ್ರೂ ಇದನ್ನೇ ಒಯ್ಯೋದು ಮೇಡಂ' ಅಂತ. ತಿರುಗಿಸಿ ಓದಿದ್ರೆ ಒಣ ಜೋಳ, ಸೂರ್ಯಕಾಂತಿ ಬೀಜ, ಯೋಗರ್ಟ್ ಡ್ರಾಪ್ಸ್, ಸಕ್ಕರೆ. ಮೊಲದ ಹೊಟ್ಟೆ ನಡೆಯೋದೇ ನಾರಿನ ಮೇಲೆ, ಅದಕ್ಕೆ ಇಷ್ಟು ಪಿಷ್ಟ, ಸಕ್ಕರೆ, ಹಾಲಿನ ಐಟಂ ಯಾಕೆ ಬೇಕು? ಇಂಥ ಮಿಕ್ಸಲ್ಲಿ ರುಚಿ ಇರೋದನ್ನ ಮಾತ್ರ ಆರಿಸಿ ತಿಂದು ಹುಲ್ಲು ಮುಟ್ಟೋದೇ ಬಿಡ್ತಾವೆ. ಹುಲ್ಲು ಬಿಟ್ರೆ ಹಲ್ಲೂ ಕೆಡುತ್ತೆ, ಯಾಕಂದ್ರೆ ಮೊಲದ ಹಲ್ಲು ಜೀವನಪೂರ್ತಿ ಬೆಳೀತಾನೇ ಇರುತ್ತೆ, ಅಗಿದು ಅಗಿದು ಸವೀಬೇಕು. ಅದೇ ಅಂಗಡಿಯ ಟಿಮೊಥಿ ಅನ್ನೋ ಒಣಹುಲ್ಲು ಮಾತ್ರ ಚೆನ್ನಾಗಿತ್ತು, ಹಸಿರು ಬಣ್ಣ, ಧೂಳಿಲ್ಲ, ಒಳ್ಳೇ ವಾಸನೆ. ತಟ್ಟೇಲಿ 80 ಪರ್ಸೆಂಟ್ ಅದೇ ಇರ್ಬೇಕು. ಅಲ್ಫಾಲ್ಫಾ, ಅಂದ್ರೆ ನಮ್ಮ ಕುದುರೆ ಮಸಾಲೆ ಸೊಪ್ಪು, ಮರಿಗಳಿಗೆ ಸರಿ, ಆರೇಳು ತಿಂಗಳು ದಾಟಿದ ಮೇಲೆ ಅದ್ರ ಕ್ಯಾಲ್ಸಿಯಂ, ಪ್ರೋಟೀನ್ ಜಾಸ್ತಿ ಆಗುತ್ತೆ.

ಹಣ್ಣು ಅಂದ್ರೆ ಬೀಜ ತೆಗೆದ ಸೇಬು, ಪಪ್ಪಾಯ, ಬಾಳೆಹಣ್ಣು, ಯಾವುದಾದ್ರೂ ಒಂದು, ಹೆಬ್ಬೆರಳಿನ ಉಗುರಿನಷ್ಟು, ವಾರಕ್ಕೆ ಒಂದೆರಡು ಸಲ. ಕ್ಯಾರೆಟ್ಟೂ ಅದೇ ಲೆಕ್ಕ, ಸಿನಿಮಾದಲ್ಲಿ ತೋರಿಸೋ ಹಾಗೆ ಊಟ ಅಲ್ಲ ಅದು. ಈರುಳ್ಳಿ, ಬೆಳ್ಳುಳ್ಳಿ, ಬೆಣ್ಣೆ ಹಣ್ಣು, ಚಾಕಲೇಟ್ ಮುಟ್ಟಿಸ್ಲೇಬೇಡಿ, ಬಿಸ್ಕೆಟ್ ಬ್ರೆಡ್ ಚಪಾತಿ ಕೂಡ ಬೇಡ, ಮನೆಗೆ ಬಂದ ನೆಂಟರಿಗೂ ಹೇಳಿಡಿ. ಮೊಲಕ್ಕೆ ವಾಂತಿ ಮಾಡೋಕೆ ಬರಲ್ಲ, ಒಳಗೆ ಹೋದದ್ದು ಹೋಯ್ತು. ಹೊಸ ಸೊಪ್ಪು ಶುರು ಮಾಡಿದ್ರೆ ಒಂದೊಂದೇ ಕೊಟ್ಟು ಹಿಕ್ಕೆ ನೋಡಿ. ತಿನ್ನೋದು, ಹಿಕ್ಕೆ ಹಾಕೋದು ನಿಂತ್ರೆ ನಾಳೆ ನೋಡೋಣ ಅನ್ಬೇಡಿ, ಹತ್ತು ಹನ್ನೆರಡು ಗಂಟೆ ಹೊಟ್ಟೆ ಖಾಲಿ ಇದ್ರೂ ಜೀವಕ್ಕೆ ಅಪಾಯ, ತಕ್ಷಣ ಮೊಲ ನೋಡೋ ವೆಟ್ ಹತ್ರ ಓಡಿ.

ಸೊಪ್ಪಿನ ಸಾಲಿಗೆ ಐದಕ್ಕೆ ನಾಲ್ಕೂವರೆ. ಅರ್ಧ ಕಮ್ಮಿ ಮಾಡಿದ್ದು ಪಾರ್ಕಿಂಗ್‌ಗೆ, ನಡ್ಕೊಂಡು ಹೋಗೋದೇ ವಾಸಿ. ಗಣೇಶ ಹಬ್ಬದ ಹಿಂದಿನ ದಿನ ಅಂತೂ ಜನ ಜಾತ್ರೆ, ಗರಿಕೆ ರೇಟೂ ಏರಿರುತ್ತೆ, ಆವತ್ತು ಮೂಲಂಗಿ ಸೊಪ್ಪಲ್ಲೇ ಅಡ್ಜಸ್ಟ್ ಮಾಡ್ಕೊಳ್ಳಿ.