ಎಂಟು ವರ್ಷದ ಮಗುವಿನ ಹಲ್ಲಿಗೆ ‘ಮಾಮೂಲಿ’ ರೂಟ್ ಕೆನಾಲ್ ಅಂದರೆ ತಕ್ಷಣ ಒಪ್ಪಬೇಡಿ

ಎರಡು ವರ್ಷದ ಹಿಂದೆ ಮಗಳು ಶಾಲೆಯ ಜಾರುಬಂಡೆಯಿಂದ ಮುಖ ಅಡಿಯಾಗಿ ಬಿದ್ದಳು. ಮೇಲಿನ ಮುಂದಿನ ಹಲ್ಲು ಅರ್ಧ ಹಾರಿಹೋಗಿ, ಮುರಿದ ಜಾಗದಲ್ಲಿ ಸಾಸಿವೆ ಕಾಳಿನಷ್ಟು ಕೆಂಪು ಚುಕ್ಕೆ ಕಾಣುತ್ತಿತ್ತು. ಅವಳಿಗಾಗ ಎಂಟು. ಆ ಹಲ್ಲು ಹುಟ್ಟಿ ವರ್ಷವೂ ತುಂಬಿರಲಿಲ್ಲ.

ಹತ್ತಿರದ ಕ್ಲಿನಿಕ್‌ನವರು "ನರ ಹೊರಗೆ ಬಂದಿದೆ, ರೂಟ್ ಕೆನಾಲ್ ಮಾಡಿಬಿಡೋಣ" ಅಂದರು. ನನ್ನ ದವಡೆ ಹಲ್ಲಿಗೂ ಅದೇ ಆಗಿತ್ತಲ್ಲ, ಹೂಂ ಅಂದುಬಿಟ್ಟೆ. ಎರಡನೇ ಸಲ ಹೋದಾಗ ಹಲ್ಲಿನೊಳಗೆ ಒಣಗಿಸಲು ಇಟ್ಟ ಕಾಗದದ ಕಡ್ಡಿ ಪ್ರತಿ ಸಲವೂ ರಕ್ತದಲ್ಲಿ ನೆನೆದೇ ಬರುತ್ತಿತ್ತು. "ಮಕ್ಕಳಿಗೆ ಹೀಗೇ" ಅಂದರು. ನಂಬಿದೆ.

ನಾಲ್ಕು ತಿಂಗಳಿಗೆ ಒಸಡಿನ ಮೇಲೆ ಗುಳ್ಳೆ, ಒತ್ತಿದರೆ ಕೀವು. ನೋವಿಲ್ಲವೆಂದು ಇನ್ನೊಂದು ತಿಂಗಳು ಸುಮ್ಮನಿದ್ದೆವು, ಅದು ನಮ್ಮ ದಡ್ಡತನ.

ಕೊನೆಗೆ ಡೆಂಟಲ್ ಕಾಲೇಜಿನ ಮಕ್ಕಳ ವಿಭಾಗಕ್ಕೆ ಹೋದೆವು. ಅಲ್ಲಿನ ಮೇಡಂ ಎಕ್ಸ್‌ರೇ ತೋರಿಸಿ ಹೇಳಿದಾಗಲೇ ನನಗೆ ವಿಷಯ ಗೊತ್ತಾಗಿದ್ದು. ದೊಡ್ಡವರ ಹಲ್ಲಿನ ಬೇರು ಮೂಲಂಗಿಯಂತೆ ತುದಿಗೆ ಸಣ್ಣಗಾಗಿ ಮುಚ್ಚಿಕೊಂಡಿರುತ್ತದೆ. ನನ್ನ ಮಗಳದು ತುತ್ತೂರಿ ಬಾಯಿಯ ಹಾಗೆ ಅಗಲವಾಗಿ ತೆರೆದೇ ಇತ್ತು. ಹಲ್ಲು ಹೊರಬಂದ ಮೇಲೂ ಬೇರು ಪೂರ್ತಿಯಾಗಲು ಸುಮಾರು 3 ವರ್ಷ ಬೇಕಂತೆ, ಆ ಕೆಲಸ ಮಾಡುವುದು ಒಳಗಿನ ತಿರುಳೇ, ಅಂದರೆ ನಾವು ನರ ಅನ್ನುವುದು. ಅದನ್ನೇ ಕಿತ್ತು, ತಳವಿಲ್ಲದ ಕೊಳವೆಗೆ ಗಟ್ಟಾಪರ್ಚಾ ಎಂಬ ರಬ್ಬರಿನಂಥ ವಸ್ತು ತುರುಕಿದ್ದರು. ಎಕ್ಸ್‌ರೇಯಲ್ಲಿ ಅದು ಬಿಳಿ ಗೆರೆಯಾಗಿ ಬೇರು ದಾಟಿ ಮೂಳೆಯೊಳಗೆ ಚಾಚಿಕೊಂಡಿತ್ತು.

ಹೊಟ್ಟೆ ಉರಿದದ್ದು ಆಮೇಲೆ. ಬಿದ್ದ ದಿನವೇ ಅಲ್ಲಿಗೆ ಹೋಗಿದ್ದರೆ ತಿರುಳನ್ನು ಮೇಲಿಂದ ಸುಮಾರು 2 ಮಿಲಿಮೀಟರ್ ಮಾತ್ರ ತೆಗೆದು, ಔಷಧಿ ಇಟ್ಟು ಮುಚ್ಚಿ, ಉಳಿದದ್ದನ್ನು ಜೀವಂತ ಉಳಿಸಲು ನೋಡಬಹುದಿತ್ತಂತೆ.

ಹಳೆಯದನ್ನೆಲ್ಲ ತೆಗೆದು, ಕೀವು ನಿಲ್ಲುವವರೆಗೆ ಕ್ಯಾಲ್ಸಿಯಂ ಹೈಡ್ರಾಕ್ಸೈಡ್ ಎಂಬ ಔಷಧಿ ಇಟ್ಟರು. ಆಮೇಲೆ ಎಂಟಿಎ ಎಂಬ ಸಿಮೆಂಟಿನಿಂದ ತುದಿಗೆ 4 ಮಿಲಿಮೀಟರ್ ಬಿರಡೆ ಹಾಕಿ ಮೇಲೆ ತುಂಬಿದರು. ಬೇರಿನ ಬಾಯಿ ಮುಚ್ಚಿತು, ಅದರ ಗೋಡೆ ಮಾತ್ರ ತೆಳುವೇ. ಕಬ್ಬು, ಚಕ್ಕುಲಿ, ಸೀಬೆಕಾಯಿ ಮುಂದಿನ ಹಲ್ಲಲ್ಲಿ ಕಚ್ಚುವಂತಿಲ್ಲ.

ನಿಮ್ಮ ಮಗುವಿಗೆ ಹೀಗಾದರೆ ಕುರ್ಚಿಯಲ್ಲಿ ಕೂರಿಸುವ ಮೊದಲೇ ಕೇಳಿ: "ಬೇರಿನ ತುದಿ ಮುಚ್ಚಿದೆಯಾ? ಎಕ್ಸ್‌ರೇಯಲ್ಲಿ ತೋರಿಸಿ." ಮುಖ ಸಿಂಡರಿಸಿದರೆ ಎದ್ದು ಬನ್ನಿ.

ಮೊನ್ನೆ ತೆಗೆಸಿದ ಎಕ್ಸ್‌ರೇಯಲ್ಲಿ ಪಕ್ಕದ ಹಲ್ಲಿನ ಬೇರು ಉದ್ದವಾಗಿ ಚೂಪಾಗಿದೆ. ಇದರದು ಬಿದ್ದ ದಿನ ಎಷ್ಟಿತ್ತೋ ಅಷ್ಟೇ.