ನೆಬ್ಯುಲೈಸರ್ ಅಟ್ಟ ಸೇರಿತು, ಸ್ಪೇಸರ್ ಕೈಯಲ್ಲುಳಿಯಿತು

ನಾಲ್ಕು ವರ್ಷದ ಮಗಳಿಗೆ ಆಸ್ತಮಾ ಅಂತ ಗೊತ್ತಾದ ವಾರವೇ 2,100 ರೂಪಾಯಿ ಕೊಟ್ಟು ನೆಬ್ಯುಲೈಸರ್ (ಔಷಧಿಯನ್ನು ಮಂಜಿನಂತೆ ಮಾಡಿ ಉಸಿರಿಗೆ ಕೊಡುವ ಕರೆಂಟಿನ ಮಷೀನು) ತಂದೆ. ಡಾಕ್ಟರ್ ಬರೆದಿದ್ದು ಇನ್‌ಹೇಲರ್ ಮತ್ತು ಮಾಸ್ಕ್ ಇರುವ ಸ್ಪೇಸರ್, ಅಂದರೆ ಇನ್‌ಹೇಲರಿಗೂ ಮುಖಕ್ಕೂ ನಡುವೆ ಹಿಡಿಯುವ ಪ್ಲಾಸ್ಟಿಕ್ ಕೊಳವೆ. ಆದರೆ ಅತ್ತೆಗೆ ‘ಇನ್‌ಹೇಲರ್ ಚಟ ಹತ್ತುತ್ತೆ’ ಅನ್ನೋ ಭಯ, ನನಗೆ ಮಷೀನು ಅಂದರೆ ಗಟ್ಟಿ ಚಿಕಿತ್ಸೆ ಅನ್ನೋ ಭ್ರಮೆ. ಚಟದ ಮಾತು ಸುಳ್ಳು, ನನ್ನ ಭ್ರಮೆಯೂ ಉಳಿಯಲಿಲ್ಲ.

ಗರ್ರ್ ಅಂತ ಮಷೀನು ಶುರುವಾದರೆ ಮಗಳು ಕಿರುಚುತ್ತಿದ್ದಳು. ಔಷಧಿ ಮುಗಿಯಲು ಹತ್ತು ನಿಮಿಷ. ಅಳುವ ಮಗುವಿನ ಶ್ವಾಸಕೋಶಕ್ಕೆ ಇಳಿಯುವ ಔಷಧಿ ಕಡಿಮೆ, ಮಾಸ್ಕನ್ನು ಮುಖದಿಂದ ಎರಡು ಬೆರಳು ದೂರ ಹಿಡಿದರೆ ಇನ್ನೂ ಕಡಿಮೆ. ನಾನು ಎರಡೂ ತಪ್ಪು ಮಾಡುತ್ತಿದ್ದೆ. ಅವಳ ಕೆಮ್ಮು ಜೋರಾಗುವುದು ನಡುರಾತ್ರಿ ಕಳೆದ ಮೇಲೆ, ನಮ್ಮ ಬೀದಿಯ ಕರೆಂಟಿಗೂ ಅದೇ ಮುಹೂರ್ತ.

ಸ್ಪೇಸರ್‌ಗೆ 450 ರೂಪಾಯಿ. ಇನ್‌ಹೇಲರ್ ಕುಲುಕಿ, ಮಾಸ್ಕನ್ನು ಮೂಗು ಬಾಯಿ ಮುಚ್ಚುವಂತೆ ಒತ್ತಿ ಹಿಡಿದು, ಒಂದು ಪಫ್, ಐದಾರು ಉಸಿರು. ಆಮೇಲೆ ಇನ್ನೊಂದು ಪಫ್. ಉಸಿರು ಎಣಿಸೋದು ಅವಳೇ, ‘ಒಂದು ಇಡ್ಲಿ, ಎರಡು ಇಡ್ಲಿ’ ಅಂತ ಬೆರಳು ಮಡಚಿ. ಸಾಮಾನ್ಯ ಉಬ್ಬಸಕ್ಕೆ ಇದು ನೆಬ್ಯುಲೈಸರ್‌ಗಿಂತ ಏನೂ ಕಮ್ಮಿಯಲ್ಲ.

ತಲೆನೋವು ಕೊಟ್ಟಿದ್ದು ತೊಳೆಯೋ ವಿಷಯ. ಅಡುಗೆಮನೆಯ ಅಭ್ಯಾಸ ನನ್ನದು, ಪಾತ್ರೆ ಒದ್ದೆ ಇಡಲಾರೆ. ಸ್ಪೇಸರನ್ನೂ ತೊಳೆದು, ಶುಭ್ರ ಬಟ್ಟೆಯಲ್ಲಿ ಪಳಪಳ ಒರೆಸಿ ಇಡುತ್ತಿದ್ದೆ. ಎರಡು ವಾರ ದಿನಾ ಪ್ರಿವೆಂಟರ್ (ಉಬ್ಬಸ ಬಾರದಂತೆ ತಡೆಯುವ ಇನ್‌ಹೇಲರ್) ಕೊಟ್ಟರೂ ರಾತ್ರಿ ಕೆಮ್ಮು ನಿಲ್ಲಲಿಲ್ಲ. ಡೋಸ್ ಹೆಚ್ಚಿಸುವ ಮಾತು ಬಂತು. ಚೀಟಿ ಬರೆಯುವ ಮುಂಚೆ ಡಾಕ್ಟರ್ ಕೇಳಿದರು, “ಅಮ್ಮ, ಸ್ಪೇಸರ್ ಹೇಗೆ ತೊಳೀತೀರ?”

ಒರೆಸಿದಾಗ ಪ್ಲಾಸ್ಟಿಕ್ಕಿಗೆ ಸ್ಥಾಯೀ ವಿದ್ಯುತ್ ಹತ್ತುತ್ತದಂತೆ. ತಲೆ ಬಾಚಿದ ಬಾಚಣಿಗೆ ಕಾಗದದ ಚೂರು ಎಳೆದುಕೊಳ್ಳುತ್ತಲ್ಲ, ಹಾಗೇ ಔಷಧಿಯ ಹನಿಗಳು ಗೋಡೆಗೆ ಅಂಟಿ ಅಲ್ಲೇ ಉಳಿಯುತ್ತವೆ. ಉಗುರುಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಎರಡು ಹನಿ ಹಾಕಿ ಅದ್ದಿ, ಒರೆಸದೆ ತಾನಾಗಿ ಆರಲು ಬಿಡಬೇಕು. ಹೊಸದನ್ನೂ ಮೊದಲು ಹೀಗೇ ತೊಳೆಯಬೇಕು. ಡೋಸ್ ಹೆಚ್ಚಿಸಲಿಲ್ಲ. ಹತ್ತು ದಿನದಲ್ಲಿ ರಾತ್ರಿ ನಿದ್ದೆ ಬಂತು, ಅವಳಿಗೂ ನನಗೂ. ಪೊಟ್ಟಣದ ಚೀಟಿಯಲ್ಲಿ ಇದೆಲ್ಲ ಇತ್ತು, ಇರುವೆಯಷ್ಟು ಅಕ್ಷರದಲ್ಲಿ!

ಪುಡಿಯ ರೋಟಾಹೇಲರ್ ಅಗ್ಗ, ಆದರೆ ಜೋರಾಗಿ ಎಳೆದುಕೊಳ್ಳುವ ದಮ್ಮು ಬೇಕು, ಈ ವಯಸ್ಸಿಗಲ್ಲ.

ಸ್ಪೇಸರಿಗೆ ಕೂಡಿಸುವ ಇನ್‌ಹೇಲರಿನದೂ ಒಂದು ಕಿರಿಕಿರಿ. ನಮ್ಮದರಲ್ಲಿ ಕೌಂಟರ್ ಇಲ್ಲ, ಔಷಧಿ ಖಾಲಿಯಾದ ಮೇಲೂ ಬರೀ ಗಾಳಿ ಪುಸ್ ಅನ್ನುತ್ತೆ. 200 ಪಫ್, ದಿನಕ್ಕೆ ನಾಲ್ಕು, ಅಂದರೆ 50 ದಿನ. ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನಲ್ಲೇ ಗುರುತು ಹಾಕುತ್ತೇನೆ. ಈ ಅಭ್ಯಾಸ ಇಲ್ಲದವರು ಕೌಂಟರ್ ಇರುವುದನ್ನೇ ಕೊಳ್ಳಿ. ಪ್ರಿವೆಂಟರ್ ಆದಮೇಲೆ ಬಾಯಿ ಮುಕ್ಕಳಿಸಿ ಮುಖ ತೊಳೆಸಿ.

ನಾನು ಬಸ್ಸಲ್ಲಿ ಊರು ತಿರುಗುವವಳು, ಬ್ಯಾಗಿಗೆ ಹಿಡಿಸೋದು ಸ್ಪೇಸರೇ. ಪಕ್ಕೆ ಒಳಗೆಳೆದು ಮಾತು ತುಂಡಾಗುತ್ತಿದ್ದರೆ, ತುಟಿ ನೀಲಿಯಾದರೆ, ಯಾವುದು ವಾಸಿ ಅಂತ ಯೋಚಿಸಬೇಡಿ. ದಾರಿಯುದ್ದಕ್ಕೂ ನೀಲಿ ಇನ್‌ಹೇಲರಿನ (ಬೇಗ ಉಸಿರು ಸರಾಗ ಮಾಡುವುದು, ಪ್ರಿವೆಂಟರ್ ಅಲ್ಲ) ಪಫ್ ಕೊಡುತ್ತಾ ಆಸ್ಪತ್ರೆಗೆ ಓಡಿ.

ಅಟ್ಟದ ಮೇಲಿನದು ಯಾರಿಗಾದರೂ ಬೇಕಿದ್ದರೆ ಕೊಡುತ್ತೇನೆ. ಮಾಸ್ಕು, ಪೈಪು ಮಾತ್ರ ಹೊಸದು ಕೊಂಡುಕೊಳ್ಳಿ.