ಊಟದ ಗುಂಡಿ ಒತ್ತಿದರೆ ಫಿಲ್ಟರ್ ನಿಲ್ಲಬೇಕು: ಮನೆಯಲ್ಲೇ ಜೋಡಿಸಿದ ಅಕ್ವೇರಿಯಂ ಕಂಟ್ರೋಲರ್, ಎರಡನೇ ಬೇಸಿಗೆಯ ನಂತರ

ದಾವಣಗೆರೆಯಲ್ಲಿ ಮೀನು ಸಾಕುವವರಿಗೆ ಹೀಟರ್ ಬೇಕಾಗುವುದು ಡಿಸೆಂಬರ್, ಜನವರಿಯ ಕೆಲವು ವಾರ ಮಾತ್ರ. ಫ್ಯಾನ್ ಬೇಕಾಗುವುದು ಶಿವರಾತ್ರಿ ಕಳೆದಂದಿನಿಂದ ಮುಂಗಾರು ಹಿಡಿಯುವ ತನಕ. ಇವನ್ನೂ ಫಿಲ್ಟರನ್ನೂ ತಾನಾಗಿ ನಡೆಸುವ, ನಿಲ್ಲಿಸುವ ಯಂತ್ರವೇ ಕಂಟ್ರೋಲರ್. ಅಂತರಜಾಲದಲ್ಲಿ ಸಿಗುವ ಅದರ ವಿವರಣೆಗಳಲ್ಲಿ ಹೆಚ್ಚಿನವು ಚಳಿದೇಶದವರು ಬರೆದವು. ಅವುಗಳಲ್ಲಿ ನೀರು ಬಿಸಿ ಮಾಡುವ ಬಗ್ಗೆ ಪುಟಗಟ್ಟಲೆ ಇರುತ್ತದೆ, ತಣಿಸುವ ಬಗ್ಗೆ ಎರಡು ಸಾಲು ಇದ್ದರೆ ಹೆಚ್ಚು. ನನಗೆ ಬೇಕಿದ್ದದ್ದು ಆ ಎರಡು ಸಾಲು. ವಿದೇಶದ ಸಿದ್ಧ ಕಂಟ್ರೋಲರ್ ತರಿಸಿದರೆ ಅರ್ಧ ಲಕ್ಷ ದಾಟುತ್ತದೆ. ಪಿಯು ಕಾಲೇಜಿನಲ್ಲಿ ಭೌತಶಾಸ್ತ್ರ ಪಾಠ ಮಾಡುವ ನಾನು ಮನೆಖರ್ಚಿನಲ್ಲಿ ಮೀನಿಗೆಂದು ಎತ್ತಿಡಬಹುದಾದದ್ದು ಮೂರು ಸಾವಿರ ರೂಪಾಯಿ. ಅಷ್ಟರೊಳಗೆ ಪ್ರೋಗ್ರಾಂ ಓಡಿಸುವ ಪುಟ್ಟ ಕಂಪ್ಯೂಟರಿನಂಥ ಇಎಸ್‌ಪಿ32 ಬೋರ್ಡ್, ಡಿಎಸ್18ಬಿ20 ತಾಪಮಾನ ಸೆನ್ಸರ್, ಡಿಎಸ್3231 ಗಡಿಯಾರ, ಅದು ಹೇಳಿದಂತೆ ಉಪಕರಣಗಳ ಕರೆಂಟ್ ಕಡಿದು ಕೂಡಿಸುವ ಸ್ವಿಚ್ಚುಗಳಿರುವ ನಾಲ್ಕು ಚಾನೆಲ್‌ನ ರಿಲೇ ಬೋರ್ಡ್, ಪುಟ್ಟ ಪರದೆ, ಫ್ಯಾನ್, ಅಡಾಪ್ಟರ್ ಎಲ್ಲವೂ ಬಂದವು. ಅವುಗಳ ಗುಣಲಕ್ಷಣಗಳ ಪಟ್ಟಿ ಎಲ್ಲೆಡೆ ಸಿಗುವುದರಿಂದ ಇಲ್ಲಿ ಬೇಡ.

ಮೊದಲು ಫ್ಯಾನಿನ ಮಾತು. ನಮ್ಮದು ಮೂರಡಿಯ ತೊಟ್ಟಿ, ಸುಮಾರು 150 ಲೀಟರ್ ನೀರು, ಒಳಗೆ ಏಂಜಲ್ ಮೀನುಗಳು ಮತ್ತು ಒಂದಷ್ಟು ಕೋರಿಡೋರಾಸ್. ನೀರಿನ ಮೇಲೆ ಓರೆಯಾಗಿ ಗಾಳಿ ಹಾಯುವಂತೆ ಕಂಪ್ಯೂಟರ್ ಕ್ಯಾಬಿನೆಟ್ಟಿನ ಎರಡು 12 ವೋಲ್ಟ್ ಫ್ಯಾನ್‌ಗಳನ್ನು ಕೂರಿಸಿದ್ದೇನೆ. ನೀರು 28 ಡಿಗ್ರಿ ಮುಟ್ಟಿದರೆ ಫ್ಯಾನ್ ಶುರುವಾಗುತ್ತದೆ, 27ಕ್ಕೆ ಇಳಿದರೆ ನಿಲ್ಲುತ್ತದೆ. ನಡುವೆ ಒಂದು ಡಿಗ್ರಿಯ ಅಂತರ ಬಿಡದಿದ್ದರೆ ಫ್ಯಾನ್ ನಿಮಿಷಕ್ಕೊಮ್ಮೆ ಹೊತ್ತಿ ಆರುತ್ತಿರುತ್ತದೆ. ಮಡಕೆಯ ನೀರು ತಣ್ಣಗಾಗುವಂತೆಯೇ ಇಲ್ಲಿಯೂ ಆವಿಯದೇ ಕೆಲಸ. ಒಂದು ಲೀಟರ್ ನೀರು ಆವಿಯಾಗಲು ಸುಮಾರು 2,400 ಕಿಲೋಜೂಲ್ ಶಾಖ ಬೇಕು. ತೊಟ್ಟಿಯ 150 ಲೀಟರ್ ನೀರು ಒಂದು ಡಿಗ್ರಿ ಇಳಿಯಲು ಸುಮಾರು 630 ಕಿಲೋಜೂಲ್ ಹೊರಹೋದರೆ ಸಾಕು. ಲೆಕ್ಕದ ಪ್ರಕಾರ ಒಂದು ಲೀಟರ್ ಆವಿಯಾದರೆ ನಾಲ್ಕು ಡಿಗ್ರಿಯಷ್ಟು ಶಾಖ ಹೋಗಬೇಕು. ಕೋಣೆಯ ಬಿಸಿ ಮತ್ತೆ ನೀರಿಗೆ ಸೇರುತ್ತಲೇ ಇರುವುದರಿಂದ ಅಷ್ಟೂ ದಕ್ಕುವುದಿಲ್ಲ. ಆದರೂ ಏಪ್ರಿಲ್ ಮಧ್ಯಾಹ್ನ 32 ಮುಟ್ಟುತ್ತಿದ್ದ ನೀರು ಈಗ 29ರ ಆಸುಪಾಸಿನಲ್ಲಿ ನಿಲ್ಲುತ್ತದೆ. ನಮ್ಮ ಊರಿನದು ಒಣಬಿಸಿಲು, ಅದಕ್ಕೇ ಇದು ಸಾಧ್ಯ. ಮಂಗಳೂರಿನ ಸೆಕೆಯಲ್ಲಿ ಇದೇ ಫ್ಯಾನಿನಿಂದ ಇಷ್ಟು ನಿರೀಕ್ಷಿಸಲಾಗದು. ಇಳಿದ ಮೂರು ಡಿಗ್ರಿ ಸಣ್ಣದೆನಿಸಬಹುದು. ಆದರೆ 25 ಡಿಗ್ರಿಯ ನೀರು ಲೀಟರಿಗೆ 8 ಮಿಲಿಗ್ರಾಂಗಿಂತ ಹೆಚ್ಚು ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ 30 ಡಿಗ್ರಿಯಲ್ಲಿ ಅದು 7.5ಕ್ಕೆ ಇಳಿಯುತ್ತದೆ, ಅದೇ ಹೊತ್ತಿಗೆ ಮೀನಿಗೆ ಬೇಕಾಗುವ ಆಮ್ಲಜನಕ ಏರುತ್ತದೆ. ಬಿಸಿ ಮಧ್ಯಾಹ್ನಗಳಲ್ಲಿ ಏಂಜಲ್‌ಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಉಸಿರಿಗೆ ಪರದಾಡುವುದನ್ನು ನೋಡಿದವರಿಗೆ ಈ ಮೂರು ಡಿಗ್ರಿಯ ಬೆಲೆ ಗೊತ್ತು.

ಇಷ್ಟಾದರೂ ನಾನು ಈ ವಿಮರ್ಶೆ ಬರೆಯುತ್ತಿರುವುದು ಫ್ಯಾನಿಗಾಗಿ ಅಲ್ಲ, ಊಟದ ಗುಂಡಿಗಾಗಿ.

ಮೀನಿಗೆ ಆಹಾರ ಹಾಕುವುದು ನಮ್ಮ ಮನೆಯಲ್ಲಿ ಅತ್ತೆಯವರ ಕೆಲಸ. ಬೆಳಿಗ್ಗೆ ಪೂಜೆ ಮುಗಿಸಿ, ಕಾಫಿ ಲೋಟ ಹಿಡಿದು, ತೊಟ್ಟಿಯ ಮುಂದಿನ ಸ್ಟೂಲಿನ ಮೇಲೆ ಕೂರುತ್ತಾರೆ. ಫಿಲ್ಟರ್ ಓಡುತ್ತಿರುವಾಗ ಕಾಳು ಹಾಕಿದರೆ ಅರ್ಧಕ್ಕರ್ಧ ಅದರೊಳಕ್ಕೆ ಸೆಳೆದುಕೊಂಡು ಹೋಗುತ್ತದೆ, ಅಲ್ಲೇ ಕೊಳೆತು ಅಮೋನಿಯಾ ಆಗುತ್ತದೆ. ಆದ್ದರಿಂದ ತೊಟ್ಟಿಯ ಸ್ಟ್ಯಾಂಡಿನ ಪಕ್ಕಕ್ಕೆ ಬಾಗಿಲ ಕರೆಗಂಟೆಯ ಸ್ವಿಚ್ಚೊಂದನ್ನು ಕೂರಿಸಿ ಕಂಟ್ರೋಲರ್‌ಗೆ ಜೋಡಿಸಿದೆ. ಅದನ್ನು ಒತ್ತಿದರೆ ಹತ್ತು ನಿಮಿಷ ಫಿಲ್ಟರ್ ನಿಲ್ಲುತ್ತದೆ, ಆಮೇಲೆ ತಾನಾಗಿ ಶುರುವಾಗುತ್ತದೆ. ಎರಡು ಸಾಲಿನ ಸಾಮಾನ್ಯ ಎಲ್‌ಸಿಡಿಯಲ್ಲಿ ಕನ್ನಡ ಅಕ್ಷರಗಳಿಲ್ಲ. ನಾವೇ ಕೊರೆದುಕೊಂಡು ತುಂಬಬಹುದಾದ ಅಕ್ಷರಗಳೂ ಎಂಟೇ. ಅತ್ತೆಯವರಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ಓಎಲ್‌ಇಡಿ ಪರದೆ ಹಾಕಿ, ‘ನೀರು’, ‘ಫ್ಯಾನ್’, ‘ಊಟ’ ಎಂಬ ಪದಗಳನ್ನು ಪುಟ್ಟ ಚಿತ್ರಗಳಾಗಿ ಬರೆದು ಸೇರಿಸಿದೆ. ಗುಂಡಿ ಒತ್ತಿದೊಡನೆ ಪರದೆಯಲ್ಲಿ ‘ಊಟ’ ಎಂದು ಬಂದು ನಿಮಿಷಗಳು ಹಿಂದಕ್ಕೆ ಎಣಿಸತೊಡಗುತ್ತವೆ. ನೀರು ನಿಶ್ಚಲವಾಗುತ್ತದೆ. ಕಾಳುಗಳು ಬಿದ್ದಲ್ಲೇ ತೇಲುತ್ತವೆ. ಏಂಜಲ್‌ಗಳು ಅತ್ತೆಯವರ ಕೈ ಇರುವ ಕಡೆಯ ಗಾಜಿಗೇ ಬಂದು ಗುಂಪುಗೂಡುತ್ತವೆ. ಎಣಿಕೆ ಸೊನ್ನೆಗೆ ಬರುವ ತನಕ ಅವರು ಅಲ್ಲಿಂದ ಏಳುವುದಿಲ್ಲ. ಇಡೀ ಯಂತ್ರದಲ್ಲಿ ನನಗೆ ಅತ್ಯಂತ ಪ್ರಿಯವಾದದ್ದು ಈ ಹತ್ತು ನಿಮಿಷ.

ಚಿಕ್ಕ ಫಿಲ್ಟರ್ ತೆಗೆದು ದೊಡ್ಡ ಮೋಟಾರಿನ ಫಿಲ್ಟರ್ ಹಾಕಿದ ಮೇಲೆ ಈ ಹತ್ತು ನಿಮಿಷಕ್ಕೇ ಕುತ್ತು ಬಂತು. ಗುಂಡಿ ಒತ್ತಿದರೆ ರಿಲೇ ‘ಟಕ್’ ಎನ್ನುತ್ತಿತ್ತು, ಫಿಲ್ಟರ್ ನಿಲ್ಲುತ್ತಿತ್ತು, ಮರುಕ್ಷಣ ಪರದೆ ಕಪ್ಪಾಗಿ, ಕಂಟ್ರೋಲರ್ ಮೊದಲಿನಿಂದ ಶುರುವಾಗಿ, ಫಿಲ್ಟರ್ ಮತ್ತೆ ಓಡುತ್ತಿತ್ತು. ಅಷ್ಟರೊಳಗೆ ಕಾಳು ನೀರಿಗೆ ಬಿದ್ದಿರುತ್ತಿತ್ತು. ದಿನವೂ ಹೀಗಾಗಿದ್ದರೆ ಹುಡುಕುವುದು ಸುಲಭವಿತ್ತು. ಕೆಲವು ದಿನ ಸರಿಯಾಗಿ ನಡೆದು, ಸರಿಹೋಯಿತು ಎಂದುಕೊಳ್ಳುವ ಹೊತ್ತಿಗೆ ಮತ್ತೆ ಕೈಕೊಡುತ್ತಿತ್ತು. “ಒಂದು ದಿನ ಮಾತು ಕೇಳುತ್ತದೆ, ಇನ್ನೊಂದು ದಿನ ಕೇಳುವುದಿಲ್ಲ. ನನಗೆ ಇದರ ಸಹವಾಸ ಬೇಡಮ್ಮ” ಎಂದು ಅತ್ತೆಯವರು ಗುಂಡಿಯನ್ನೇ ಬಿಟ್ಟರು. ಒದ್ದೆ ಕೈಯಲ್ಲಿ ಗೋಡೆಯ ಪ್ಲಗ್ ಕೀಳತೊಡಗಿದರು. ಯಾವ ಅಪಾಯ ತಪ್ಪಿಸಲು ಇದನ್ನು ಕಟ್ಟಿದೆನೋ ಅದೇ ಮರಳಿ ಬಂದದ್ದು ನನಗೆ ತುಂಬ ನೋವು ಕೊಟ್ಟಿತು.

ಮೊದಲು ಅಡಾಪ್ಟರ್ ಬದಲಿಸಿದೆ. ಆಮೇಲೆ ಇಎಸ್‌ಪಿ32ಕ್ಕೆ ಹೋಗುವ 5 ವೋಲ್ಟ್ ವೈರ್‌ಗಳ ನಡುವೆ 1000 ಮೈಕ್ರೋಫ್ಯಾರಡ್ ಕೆಪಾಸಿಟರ್ ಹಾಕಿದೆ. ತೊಂದರೆ ಕಡಿಮೆಯಾಯಿತು, ಹೋಗಲಿಲ್ಲ. ಲ್ಯಾಪ್‌ಟಾಪ್ ಜೋಡಿಸಿ ನೋಡಿದಾಗ ಒಂದು ಸುಳಿವು ಸಿಕ್ಕಿತು. ಇಎಸ್‌ಪಿ32 ಪ್ರತಿ ಬಾರಿ ಶುರುವಾಗುವಾಗ ತಾನು ಏಕೆ ನಿಂತೆ ಎಂಬುದನ್ನು ತಿಳಿಸುತ್ತದೆ. ಒಮ್ಮೆ ವೋಲ್ಟೇಜ್ ಕುಸಿಯಿತು ಎನ್ನುತ್ತಿತ್ತು, ಇನ್ನೊಮ್ಮೆ ಪ್ರೋಗ್ರಾಂ ಸಿಕ್ಕಿಹಾಕಿಕೊಂಡಿತು ಎನ್ನುತ್ತಿತ್ತು. ಪ್ರೋಗ್ರಾಂನಲ್ಲಿ ದೋಷವಿದ್ದರೆ ಕಾರಣ ಹೀಗೆ ಬದಲಾಗುತ್ತಿರಲಿಲ್ಲ. ಫಿಲ್ಟರನ್ನು ರಿಲೇಯಿಂದ ಬಿಡಿಸಿ, ಬರಿಯ ರಿಲೇಯನ್ನು ಮತ್ತೆ ಮತ್ತೆ ಒತ್ತಿ ನೋಡಿದೆ. ಒಮ್ಮೆಯೂ ಕೈಕೊಡಲಿಲ್ಲ. ಕಳ್ಳ ಫಿಲ್ಟರಿನ ಮೋಟಾರ್ ಎಂಬುದು ಅಲ್ಲಿಗೆ ಖಚಿತವಾಯಿತು.

ಮೋಟಾರ್ ಎಂದ ಮೇಲೆ ನಮ್ಮ ಊರಿನಲ್ಲಿ ಕೇಳಲು ಜನರಿಗೆ ಕೊರತೆಯಿಲ್ಲ. ಹತ್ತಿ ಗಿರಣಿಗಳ ಕಾಲದಲ್ಲಿ ದಾವಣಗೆರೆಯನ್ನು ಕರ್ನಾಟಕದ ಮ್ಯಾಂಚೆಸ್ಟರ್ ಎನ್ನುತ್ತಿದ್ದರು. ಗಿರಣಿಗಳು ಮುಚ್ಚಿದರೂ ಅಲ್ಲಿ ಕೈ ಪಳಗಿಸಿಕೊಂಡವರ ವಿದ್ಯೆ ರಿವೈಂಡಿಂಗ್ ಅಂಗಡಿಗಳಲ್ಲಿ ಉಳಿದಿದೆ. ಅಂಥ ಒಬ್ಬ ಹಿರಿಯ ಮೇಸ್ತ್ರಿಯ ಹತ್ತಿರ ರಿಲೇ ಬೋರ್ಡ್ ಒಯ್ದೆ. ಅವರು ಬೋರ್ಡನ್ನು ತಿರುಗಿಸಿ ನೋಡಿ, “ಕಿಡಿ ಹಾರುತ್ತದೆ ಮೇಡಂ, ಕಿಡಿಗೆ ನೀವು ದಾರಿಯನ್ನೇ ಕೊಟ್ಟಿಲ್ಲ. ಗಿರಣಿಯಲ್ಲಿ ನಾವು ಮೋಟಾರಿನ ಕಾಂಟ್ಯಾಕ್ಟರ್ ಸ್ವಿಚ್ಚಿಗೆ ಕೆಪಾಸಿಟರ್ ಕಟ್ಟದೆ ಬಿಡುತ್ತಿರಲಿಲ್ಲ” ಎಂದರು. ತರಗತಿಯಲ್ಲಿ ಪ್ರತಿ ವರ್ಷ ಕಪ್ಪುಹಲಗೆಯ ಮೇಲೆ ಬರೆಯುವ ಸ್ವಪ್ರೇರಣೆಯೇ ಇದು. ಸುರುಳಿಯಲ್ಲಿ ಹರಿಯುವ ವಿದ್ಯುತ್ತನ್ನು ಥಟ್ಟನೆ ಕಡಿದರೆ ಅದು ಸುಮ್ಮನಾಗುವುದಿಲ್ಲ, ವೋಲ್ಟೇಜ್ ಏರಿಸಿಕೊಂಡು ಕಾಂಟ್ಯಾಕ್ಟ್‌ಗಳ ನಡುವಿನ ಗಾಳಿಯನ್ನೇ ದಾಟುತ್ತದೆ. ಆ ಕಿಡಿಯಿಂದೇಳುವ ವಿದ್ಯುತ್ ಅಡಚಣೆ ಪಕ್ಕದ ವೈರ್‌ಗಳಿಗೆಲ್ಲ ಹೊಕ್ಕು ಇಎಸ್‌ಪಿ32ವನ್ನು ಬೀಳಿಸುತ್ತಿತ್ತು. ಕೆಲವು ದಿನ ಮಾತ್ರ ಏಕೆ ಎಂಬುದಕ್ಕೂ ಉತ್ತರ ಅಲ್ಲೇ ಇದೆ. ನಮ್ಮ 50 ಹರ್ಟ್ಸ್ ಕರೆಂಟ್ ಸೆಕೆಂಡಿಗೆ 100 ಬಾರಿ ಸೊನ್ನೆಯನ್ನು ಹಾಯ್ದುಹೋಗುತ್ತದೆ. ರಿಲೇ ಬಿಡುವ ಗಳಿಗೆ ಸೊನ್ನೆಯ ಹತ್ತಿರವಿದ್ದರೆ ಕಿಡಿಯಿಲ್ಲ, ಶಿಖರದ ಹತ್ತಿರವಿದ್ದರೆ ದೊಡ್ಡ ಕಿಡಿ. ಅತ್ತೆಯವರ ಬೆರಳು ಯಾವ ಗಳಿಗೆಯಲ್ಲಿ ಒತ್ತುತ್ತದೆ ಎಂಬುದನ್ನು ಯಾರು ನಿರ್ಧರಿಸಲು ಸಾಧ್ಯ?

ಪರಿಹಾರ ಇಪ್ಪತ್ತು ರೂಪಾಯಿಯೊಳಗಿನದು. 100 ಓಮ್‌ನ ಅರ್ಧ ವ್ಯಾಟ್ ರೆಸಿಸ್ಟರ್, 0.1 ಮೈಕ್ರೋಫ್ಯಾರಡ್ ಕೆಪಾಸಿಟರ್, ಎರಡನ್ನೂ ಸಾಲಾಗಿ ಬೆಸೆದು ಫಿಲ್ಟರಿನ ಎರಡು ವೈರ್‌ಗಳಿಗೆ ಅಡ್ಡಲಾಗಿ, ಮುಚ್ಚಿದ ಜಂಕ್ಷನ್ ಡಬ್ಬಿಯೊಳಗೆ ಹಾಕಿದೆವು. ಕೆಪಾಸಿಟರ್ ಮೇಲೆ ‘ಎಕ್ಸ್2’ ಮತ್ತು 275 ವೋಲ್ಟ್ ಎಸಿ ಎಂದು ಮುದ್ರಿಸಿರಲೇಬೇಕು. ಬೇರೆ ಜಾತಿಯದು ಕೆಟ್ಟರೆ ಬೆಂಕಿ ಹಿಡಿಯಬಹುದು. ಕೆಲವರು ಇದನ್ನು ರಿಲೇಯ ಕಾಂಟ್ಯಾಕ್ಟ್‌ಗಳಿಗೇ ಅಡ್ಡಲಾಗಿ ಹಾಕುತ್ತಾರೆ. ಅದರಿಂದಲೂ ಕಿಡಿ ತಗ್ಗುತ್ತದೆ, ಆದರೆ ರಿಲೇ ಆಫ್ ಇದ್ದಾಗಲೂ ಸುಮಾರು 7 ಮಿಲಿ ಆಂಪಿಯರ್ ಹರಿಯುತ್ತಿರುತ್ತದೆ. ಎಲ್‌ಇಡಿ ಲೈಟ್ ರಾತ್ರಿಯಿಡೀ ಮಿಣುಕಲು ಅಷ್ಟು ಸಾಕು, ನೀರಿಗೆ ಕೈ ಹಾಕುವವರಿಗೆ ಅದು ಒಳ್ಳೆಯದೂ ಅಲ್ಲ. ರಿಲೇ ಆಫ್ ಆಗಿದೆ ಎಂದು ನಂಬಿ ತೊಟ್ಟಿಗೆ ಕೈ ಹಾಕಬೇಡಿ, ಶುಚಿ ಮಾಡುವಾಗ ಪ್ಲಗ್ ಕಿತ್ತೇ ಇಡಿ. ಮನೆಯ ಬೋರ್ಡಿನಲ್ಲಿ ಕರೆಂಟ್ ಸೋರಿದರೆ ತಾನಾಗಿ ಲೈನ್ ಕಡಿಯುವ 30 ಮಿಲಿ ಆಂಪಿಯರ್‌ನ ಆರ್‌ಸಿಸಿಬಿ ಸ್ವಿಚ್ ಇಲ್ಲದಿದ್ದರೆ ಕಂಟ್ರೋಲರ್‌ಗಿಂತ ಮೊದಲು ಅದನ್ನು ಹಾಕಿಸಿ.

ಇನ್ನೊಂದು ದೂರು ರಿಲೇ ಬೋರ್ಡ್ ಮಾರುವವರ ಮೇಲೆ. ವೈರಿನ ಬದಲು ಬೆಳಕಿನಿಂದ ಸಂಜ್ಞೆ ದಾಟಿಸುವ ಆಪ್ಟೋಕಪ್ಲರ್ ಇದೆ, ಎರಡು ಬದಿಯೂ ಪೂರ್ತಿ ಬೇರೆ ಎಂದು ಹೇಳಿ ಮಾರುತ್ತಾರೆ. ಆದರೆ ರಿಲೇಯ ಸುರುಳಿ, ಅಂದರೆ ಕಾಯಿಲ್‌ನ ವಿದ್ಯುತ್ತನ್ನೂ ಕಂಟ್ರೋಲರ್‌ನ ವಿದ್ಯುತ್ತನ್ನೂ ಒಂದು ಮಾಡುವ ಜಂಪರ್ ಎಂಬ ಪುಟ್ಟ ಕೊಂಡಿ ಹಾಕಿಯೇ ಕಳುಹಿಸುತ್ತಾರೆ. ಅದು ಇರುವ ತನಕ ಆಪ್ಟೋಕಪ್ಲರ್ ಇದ್ದೂ ಇಲ್ಲದಂತೆ. ಜಂಪರ್ ತೆಗೆದು, ಕಾಯಿಲ್‌ಗಳಿಗೆ ಬೇರೆಯೇ 5 ವೋಲ್ಟ್ ಅಡಾಪ್ಟರ್ ಕೊಟ್ಟು, ಇನ್‌ಪುಟ್ ಬದಿಗೆ ಇಎಸ್‌ಪಿ32ರ 3.3 ವೋಲ್ಟ್ ಕೊಟ್ಟೆ. 230 ವೋಲ್ಟ್ ವೈರ್‌ಗಳನ್ನು ಸೆನ್ಸರ್ ವೈರ್‌ಗಳಿಂದ ದೂರ ಸರಿಸಿದೆ. ಅಂದಿನಿಂದ ಗುಂಡಿ ಒಮ್ಮೆಯೂ ಕೈಕೊಟ್ಟಿಲ್ಲ. ಅತ್ತೆಯವರು ಕೆಲವು ದಿನ ಗುಂಡಿ ಒತ್ತಿದ ಮೇಲೂ ಕಾಳು ಹಾಕದೆ, ಪರದೆಯಲ್ಲಿ ಒಂದು ನಿಮಿಷ ಇಳಿದದ್ದನ್ನು ನೋಡಿಯೇ ಚಮಚ ಎತ್ತುತ್ತಿದ್ದರು. ಈಗ ಒತ್ತಿದ ಕೈಯಲ್ಲೇ ಕಾಳು ಹಾಕುತ್ತಾರೆ. ಇದಕ್ಕಿಂತ ದೊಡ್ಡ ಪ್ರಮಾಣಪತ್ರ ನನಗೆ ಬೇಕಿಲ್ಲ.

ಉಳಿದವುಗಳ ಬಗ್ಗೆ ಚುಟುಕಾಗಿ. ತಾಪಮಾನದ ಸೆನ್ಸರ್ ಒಳ್ಳೆಯದು, ಅರ್ಧ ಡಿಗ್ರಿ ಆಚೀಚೆ ನಂಬಬಹುದು. ಕರೆಂಟ್ ಹೋಗಿ ಬಂದಾಗ ಅದು 85 ಡಿಗ್ರಿ ಎಂದರೆ ಗಾಬರಿಯಾಗಬೇಡಿ, ಇನ್ನೂ ಅಳತೆ ಮಾಡಿಲ್ಲ ಎಂಬುದರ ಗುರುತು ಅದು. ಮೈನಸ್ 127 ಬಂದರೆ ವೈರ್ ಬಿಟ್ಟಿದೆ ಎಂದರ್ಥ. ಎರಡನ್ನೂ ಪ್ರೋಗ್ರಾಂ ಕಡೆಗಣಿಸಬೇಕು. ಗಡಿಯಾರದ ಮಾಡ್ಯೂಲ್ ಸಮಯ ತಪ್ಪುವುದಿಲ್ಲ, ಆದರೆ ಅಗ್ಗದ ಮಾಡ್ಯೂಲ್‌ಗಳಲ್ಲಿ ಸೆಲ್ ಚಾರ್ಜ್ ಮಾಡುವ ಸರ್ಕ್ಯೂಟ್ ಇರುತ್ತದೆ. ಸಿಆರ್2032 ಚಾರ್ಜ್ ಆಗುವ ಸೆಲ್ಲೇ ಅಲ್ಲ, ಉಬ್ಬಿಬಿಡುತ್ತದೆ. ಆ ದಾರಿಯ ರೆಸಿಸ್ಟರನ್ನು ಬಿಚ್ಚಿ ತೆಗೆಯಿರಿ. ಪಿಎಚ್ ಸೆನ್ಸರ್ ಆಸೆ ಬಿಡಿ. ಅದನ್ನು 4 ಮತ್ತು 7ರ ದ್ರಾವಣಗಳಲ್ಲಿ ಅದ್ದಿ ಮತ್ತೆ ಮತ್ತೆ ಸರಿಹೊಂದಿಸುತ್ತಿರಬೇಕು. ಸಿಹಿನೀರಿನ ತೊಟ್ಟಿಗೆ ಹನಿ ಹಾಕಿ ಬಣ್ಣ ನೋಡುವ ಕಿಟ್ ಸಾಕು.

ಈಗ ಬಗೆಹರಿಯದೆ ಉಳಿದಿರುವುದು ನೀರು ತುಂಬುವ ಭಾಗ. ಫ್ಯಾನ್ ಓಡುವ ತಿಂಗಳುಗಳಲ್ಲಿ ದಿನಕ್ಕೆ ಎರಡು ಮೂರು ಲೀಟರ್ ಆವಿಯಾಗುತ್ತದೆ. ಆವಿಯಾಗುವುದು ನೀರು ಮಾತ್ರ, ಲವಣಗಳು ತೊಟ್ಟಿಯಲ್ಲೇ ಉಳಿಯುತ್ತವೆ. ಆದ್ದರಿಂದ ಅದರ ಜಾಗಕ್ಕೆ ನಮ್ಮ ಕೊಳವೆಬಾವಿಯ ಗಡಸು ನೀರು ಹಾಕಿದರೆ ವಾರದಿಂದ ವಾರಕ್ಕೆ ಗಡಸುತನ ಏರುತ್ತದೆ. ಪಾಲಿಕೆಯ ನಲ್ಲಿಯಲ್ಲಿ ನೀರು ಬಂದ ದಿನ ಹಿಡಿದು, ಕ್ಲೋರಿನ್ ತೆಗೆದು, ಬಕೆಟ್ಟಿನಿಂದ ನೀರು ಬದಲಿಸಲು ಬಳಸುತ್ತೇನೆ. ಆವಿಯಾದದ್ದನ್ನು ತುಂಬಲು ಮಾತ್ರ ಆರ್‌ಒ ನೀರು. ಕ್ಯಾನಿನಿಂದ ಪುಟ್ಟ ಪಂಪ್ ಇದನ್ನು ಎತ್ತುತ್ತದೆ, ಫ್ಲೋಟ್ ಸ್ವಿಚ್ ನಿಲ್ಲಿಸುತ್ತದೆ. ತೊಂದರೆ ಬಸವನಹುಳುಗಳದು. ಫ್ಲೋಟ್ ಮೇಲೆ ಒಂದು ಹತ್ತಿ ಕುಳಿತರೆ ಸಾಕು, ನೀರು ಏರಿದರೂ ಫ್ಲೋಟ್ ಏಳುವುದಿಲ್ಲ. ಮೇಲೊಂದು ಎರಡನೇ ಫ್ಲೋಟ್ ಇಟ್ಟು, ಪಂಪ್ ಒಮ್ಮೆಗೆ ಒಂದು ನಿಮಿಷಕ್ಕಿಂತ ಹೆಚ್ಚು ಓಡದಂತೆ ಪ್ರೋಗ್ರಾಂನಲ್ಲಿ ಕಟ್ಟುಪಾಡು ಹಾಕಿದ್ದೇನೆ. ಕ್ಯಾನನ್ನು 5 ಲೀಟರಿನದನ್ನೇ ಇಟ್ಟುಕೊಂಡಿರುವುದೂ ಬೇಕೆಂದೇ. ಎಲ್ಲವೂ ಕೆಟ್ಟರೂ ತೊಟ್ಟಿಗೆ ಹೋಗುವುದು ಐದೇ ಲೀಟರ್, ಅಷ್ಟಕ್ಕೆ ಮೇಲೆ ಜಾಗವಿದೆ. ಪಂಪಿನ ಕೊಳವೆಯ ತುದಿ ಮಾತ್ರ ಸದಾ ನೀರಿಗಿಂತ ಮೇಲಿರಲಿ. ಮುಳುಗಿದರೆ ಪಂಪ್ ನಿಂತ ಮೇಲೆ ತೊಟ್ಟಿಯ ನೀರು ಅದೇ ಕೊಳವೆಯಲ್ಲಿ ಕ್ಯಾನಿಗೆ ಇಳಿದು ನೆಲಕ್ಕೆ ಹರಿಯುತ್ತದೆ. ಮುಂದಿನ ಬೇಸಿಗೆಯೊಳಗೆ ಚಲಿಸುವ ಭಾಗವೇ ಇಲ್ಲದ, ಗಾಜಿನ ಹೊರಗಿನಿಂದಲೇ ನೀರಿನ ಮಟ್ಟ ಗುರುತಿಸುವ ಸೆನ್ಸರ್ ಹಾಕಿ ನೋಡುತ್ತೇನೆ. ಅದನ್ನು ಬಳಸಿದವರಿದ್ದರೆ ಗಾಜಿನ ಒಳಗೆ ಪಾಚಿ ಕಟ್ಟಿದಾಗ ಅದು ಹೇಗೆ ನಡೆದುಕೊಳ್ಳುತ್ತದೆ ಎಂಬುದನ್ನು ದಯವಿಟ್ಟು ತಿಳಿಸಿ.